ಸುರಂಗದಲ್ಲಿ ಇಳಿದುಹೋದ ಮಗು

ಶ್ರೀ ಕೃಷ್ಣಾಯ ನಮಃ

ನಾಸಿಕ್
ಡಿಸೆಂಬರ್ ೧೦, ಮಂಗಳವಾರ

ಪ್ರೀತಿಯ ಪ್ರಜ್ಞಾಳಿಗೆ ನಿನ್ನ ವಸಂತಿ ಅಕ್ಕನ ಆಶೀರ್ವಾದ.

ಹಪ್ಪಳದ ಕಟ್ಟಿನ ಅಡಿಯಲ್ಲಿ ಈ ಕಾಗದ ಸಿಕ್ಕಿತಲ್ಲ? ಓದಿ ಮುಗಿಸಿ ಪುನಃ ಅಲ್ಲೇ ಇಡಬೇಡ ಮಾರಾಯ್ತಿ. ಹಪ್ಪಳ ಬಂತು ಅಂದರೆ ಯತಿರಾಜನ ಕೈ ಮೊದಲು ಎಲ್ಲಿಗೆ ಹೋಗುತ್ತದೆ ಅಂತ ಅತ್ತಿಗೆಯಾದ ನನಗೆ ಗೊತ್ತಿಲ್ಲವಾ? ಫೋನು ಮಾಡೋಣ ಅಂದರೆ ನೀನು ಸ್ಪೀಕರ್ ಹಾಕಿಯೇ ಮಾತಾಡುವವಳು. ಮೆಸೇಜು ಹಾಕೋಣ ಅಂದರೆ ನಿನ್ನ ಗಂಡನೇ ಮೊದಲು ಓದುತ್ತಾನೆ. ಅದಕ್ಕೇ ಏಳನೇ ಕ್ಲಾಸಿನ ಈ ಅಕ್ಷರ. ಯೇವಲೆಯಲ್ಲಿ ಸೀರೆ ನೋಡುವ ನೆಪದಲ್ಲಿ ನಾವಿಬ್ಬರು ಇನ್ನೆಷ್ಟು ಸಲ ಭೇಟಿಯಾಗುವುದು? ಆ ಅಂಗಡಿಯವನು ಈಗ ನಮ್ಮನ್ನು ಕಂಡರೆ ಪೈಠಣಿ ಸೀರೆ ಬಿಡಿಸುವುದೇ ಇಲ್ಲ, ನೀರು ಕೊಟ್ಟು ಕೂರಿಸುತ್ತಾನೆ.

ವಿಷಯ ಇಷ್ಟೆ. ಈ ಕ್ರಿಸ್ಮಸ್ಸಿಗೆ ಗಾಡಿ ಓಡಬೇಕು.

ನಿನ್ನೆ ಕಮಲಾಬಾಯಿ ನಮ್ಮ ಹೋಟೆಲಿಗೆ ಬಂದಿದ್ದರು. ಎಂಬತ್ತಾಯಿತು, ಕಣ್ಣು ಪೂರ್ತಿ ಮಂಜು. ಸಾಳ್ವೆ ಕಾಕಾ ಹೋದ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರೇ. ಇಪ್ಪತ್ತೆಂಟಕ್ಕೆ ಮಗಳು ಅಪೇಕ್ಷಾ ಬಂದು ಪುಣೆಗೆ ಕರೆದುಕೊಂಡು ಹೋಗುತ್ತಾಳಂತೆ, ಇಲ್ಲಿಯ ಮನೆ ಖಾಲಿ ಮಾಡುವುದೇ ಅಂತೆ. ಇಡ್ಲಿ ಮುರಿಯುತ್ತ ಮುರಿಯುತ್ತ, ವಸಂತಿ, ಇದು ನಾಸಿಕ್‌ನಲ್ಲಿ ನನ್ನ ಕೊನೆಯ ನಾತಾಳ, ಕೊನೆಯ ಕ್ರಿಸ್ಮಸ್, ಈ ಸಲವಾದರೂ ಗಾಡಿ ಬಂದೀತಾ ಅಂತ ಕೇಳಿದರು. ಕಾಣದಿದ್ದರೂ ಪರವಾಗಿಲ್ಲ, ಶಬ್ದ ಕೇಳಿದರೆ ಸಾಕು ಅಂತ. ಬರುತ್ತದೆ ಅಂತ ನಾನು ಹೇಳಿಬಿಟ್ಟೆ. ನಾಳೆ ಏಕಾದಶಿ. ಹೇಳಿದ್ದು ಸುಳ್ಳಾದರೆ ನನ್ನ ಉಪವಾಸಕ್ಕೆ ಏನು ಅರ್ಥ?

ನಿನಗೆ ಹಳೆಯ ಕಥೆ ಅರ್ಧವೇ ಗೊತ್ತು. ಕಾಕಾ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ರಿಟೈರಾದ ಮೇಲೂ ಡಿಸೆಂಬರ್ ಬಂತೆಂದರೆ ಡ್ಯೂಟಿಗೆ ಹೊರಟ ಹಾಗೆ. ಮನೆಯ ಹಾಲ್ ತುಂಬ ಹಲಗೆ, ಹಲಗೆಯ ಮೇಲೆ ಗೇಣುದ್ದದ ಹಳಿಗಳು, ಆಟದ ರೈಲು ಗಾಡಿ, ಪಾತ್ರೆ ಉಜ್ಜುವ ಸ್ಪಂಜಿನ ಮರಗಳು, ಹತ್ತಿಯ ಹಿಮ, ಸುರಂಗ ಕೊರೆದ ಗುಡ್ಡ, ಒಂದು ಸ್ಟೇಷನ್. ಸ್ಟೇಷನ್ನಿನ ಪಕ್ಕ ಹುಲ್ಲು ಹಾಸಿದ ಗೋದಲಿ, ಅದರಲ್ಲಿ ಮಾತ್ರ ಬಾಲ ಯೇಸು ಇರುವುದಿಲ್ಲ. ಕ್ರಿಸ್ಮಸ್ ಸಂಜೆ ಗಾಡಿ ಸುರಂಗದ ಆಚೆ ಬದಿಯಿಂದ ಬರುವಾಗ ಕೊನೆಯ ಡಬ್ಬಿಯಲ್ಲಿ, ಹತ್ತಿಯ ಮೇಲೆ, ಆ ಹೆಬ್ಬೆರಳಷ್ಟು ಮಗು ಬರಬೇಕು. ಕಮಲಾಬಾಯಿ ಎತ್ತಿ ಹುಲ್ಲಿನ ಮೇಲೆ ಮಲಗಿಸಬೇಕು. ಆಮೇಲೆಯೇ ಗಲ್ಲಿಯ ಮಕ್ಕಳಿಗೆಲ್ಲ ಕೇಕು. ಯಾರ ಮನೆಯ ಮಗುವಾದರೂ ಬರಬಹುದು, ಚಪ್ಪಲಿ ಹೊರಗೆ ಬಿಟ್ಟರೆ ಸಾಕು ಅಂತ ಕಾಕಾನ ಕಾನೂನು.

ನಮ್ಮವರೂ ಯತಿರಾಜನೂ ಊರಿನಿಂದ ಬಂದ ಮೊದಲ ವರ್ಷದಿಂದಲೇ ಆ ಹಲಗೆಯ ಮುಂದೆ ಮೊಣಕಾಲೂರಿ ಕೂತವರು. ಕಾಕಾ ಹೋಗುವ ಮೊದಲು ಎಲ್ಲವನ್ನೂ ಇಬ್ಬರಿಗೂ ಸೇರಿಸಿಯೇ ಕೊಟ್ಟರು. ಇದಕ್ಕೆ ಎರಡು ಜನ ಬೇಕು, ಒಬ್ಬ ಕಳಿಸಲಿಕ್ಕೆ, ಒಬ್ಬ ಬರಮಾಡಿಕೊಳ್ಳಲಿಕ್ಕೆ ಅಂದರಂತೆ.

ಅಲ್ಲಿಂದ ಮುಂದಿನದು ನೀನೇ ಕಂಡದ್ದು. ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಗಾಡಿ ಇಟ್ಟಾಗ ನಮ್ಮವರಿಗೆ ಹೊಸ ಗುಡ್ಡ ಕಟ್ಟುವ ಹುಚ್ಚು ಹಿಡಿಯಿತು. ಹಳೆಯ ಪೇಪರು ಹರಿದು ಅಂಟಿಸಲಿಕ್ಕೆ ಮೈದಾ ಗೋಂದು ಯಾಕೆ, ಉದ್ದಿಗಿಂತ ಅಂಟು ಯಾವುದುಂಟು ಅಂತ ಹೋಟೆಲಿನಿಂದ ದೋಸೆ ಹಿಟ್ಟು ತಂದರು! ಬೇಗ ಒಣಗಲಿ ಅಂತ ಸುತ್ತ ಬಲ್ಬು ಉರಿಸಿದರು. ಬಿಸಿ ತಾಗಿದರೆ ಹಿಟ್ಟು ಒಣಗುತ್ತದಾ, ಉಬ್ಬುತ್ತದಾ? ಮೂವತ್ತು ವರ್ಷ ದೋಸೆ ಮಾರಿದವರಿಗೆ ತಿಳಿಯಲಿಲ್ಲ. ಯತಿರಾಜ ಆಚೆಯಿಂದ ಮಗುವನ್ನು ಹತ್ತಿಸಿ ಕಳಿಸಿದ. ಈಚೆಗೆ ಗಾಡಿ ಬಂತು, ಹತ್ತಿ ಬಂತು, ಮಗು ಬರಲಿಲ್ಲ. ನಿನ್ನ ಅನ್ವಿತಾ, ಆಗ ಐದು ವರ್ಷ, ಅಷ್ಟು ಜನರ ಮಧ್ಯೆ ಬಾಳಾಚೀ ಗಾಡೀ ಚುಕಲೀ, ಮಗುವಿಗೆ ಗಾಡಿ ತಪ್ಪಿತು ಅಂತ ಕೂಗಿದಳು. ಮಕ್ಕಳು ನಕ್ಕರು. ಕಮಲಾಬಾಯಿ ಮಾತ್ರ ಖಾಲಿ ಕೈಯನ್ನು ಹಾಗೇ ಚಾಚಿಕೊಂಡು ನಿಂತಿದ್ದರು.

ನೀನು ಹತ್ತಿಸಲೇ ಇಲ್ಲ ಅಂತ ಇವರು. ನೀನು ಇಳಿಸುವಾಗ ಬೀಳಿಸಿದೆ ಅಂತ ಅವನು. ಹಲಗೆಯ ಅಡಿ, ಸೋಫಾದ ಅಡಿ, ಕೊನೆಗೆ ಒಬ್ಬರ ಜೇಬು ಒಬ್ಬರು ನೋಡಿಕೊಂಡರು. ಮರುದಿನ ಯತಿರಾಜ ಇಂಜಿನು, ಡಬ್ಬಿ ಕಟ್ಟಿಕೊಂಡು ಸಂಭಾಜಿನಗರಕ್ಕೆ ಹೊರಟ. ಹಳಿಯೂ ಸ್ಟೇಷನ್ನೂ ಇಲ್ಲಿ ಉಳಿದವು. ಹುಳಿ ನಾತ ಹೊಡೆಯುತ್ತಿದ್ದ ಗುಡ್ಡವನ್ನು ನಾನೇ ಒಡೆದು ತುಳಸಿ ಬುಡಕ್ಕೆ ಹಾಕಿದೆ.

ಈಗ ನಮ್ಮವರು ಪ್ರತಿ ಡಿಸೆಂಬರಿನಲ್ಲೂ ಯಾರಿಗೂ ಹೇಳದೆ ಹಳಿ ಜೋಡಿಸುತ್ತಾರೆ. ಮೊನ್ನೆ ನೋಡುತ್ತೇನೆ, ನನ್ನ ಒಗ್ಗರಣೆ ಡಬ್ಬಿಯ ಸಾಸಿವೆ ಬಟ್ಟಲನ್ನು ಹಳಿಯ ಮೇಲಿಟ್ಟು ಬೆರಳಿನಿಂದ ತಳ್ಳುತ್ತಿದ್ದಾರೆ! ಎಂತ ಮಾಡುತ್ತಿದ್ದೀರಿ ಅಂತ ಕೇಳಿದರೆ ಹಳಿ ತುಕ್ಕು ಹಿಡಿದಿದೆಯಾ ನೋಡುತ್ತಿದ್ದೇನೆ ಅಂದರು.

ಹೇಗಾದರೂ ಮಾಡಿ ಇಂಜಿನಿನ ಜೊತೆ ಯತಿರಾಜನನ್ನು ಕಳಿಸು. ನಾನು ದಿನಾ ನನ್ನ ಬಾಲಕೃಷ್ಣನ ಮುಂದೆ ಕೂತು ಇವರಿಬ್ಬರನ್ನು ಒಂದು ಮಾಡಪ್ಪಾ ಅಂತ ಬೇಡುತ್ತಿದ್ದೇನೆ. ಮಗುವಿನ ಚಿಂತೆ ನಿನಗೆ ಬೇಡ. ಅದನ್ನು ನಾನು ತರುತ್ತೇನೆ. ಎಲ್ಲಿಂದ ಅಂತ ಕೇಳಬೇಡ.

ಇತಿ ನಿನ್ನ
ವಸಂತಿ ಅಕ್ಕ

ಮರೆತಿದ್ದೆ: ಹಪ್ಪಳ ಹಲಸಿನದು, ಎಣ್ಣೆ ಚೆನ್ನಾಗಿ ಕಾಯಲಿ. ಮಗು ಎಲ್ಲಿಂದ ಅಂತ ಕೇಳಲೇಬೇಡ.

*

ಛತ್ರಪತಿ ಸಂಭಾಜಿನಗರ
ಡಿಸೆಂಬರ್ ೧೭

ಪ್ರೀತಿಯ ವಸಂತಿ ಅಕ್ಕನಿಗೆ ಪ್ರಜ್ಞಾಳ ನಮಸ್ಕಾರ.

ಕಾಗದ ಸಿಕ್ಕಿತು. ಹಪ್ಪಳ ನನಗೆ ಎರಡೇ ಸಿಕ್ಕಿತು, ಉಳಿದದ್ದರ ಗತಿ ನೀವು ಬರೆದ ಹಾಗೆಯೇ.

ಇಲ್ಲಿಯ ಸ್ಥಿತಿ ಕೇಳಿ. ಭಾವನವರಾದರೂ ಸಾಸಿವೆ ಬಟ್ಟಲು ತಳ್ಳುತ್ತಾರೆ. ಇವರು ಇಂಜಿನನ್ನು ಊಟದ ಮೇಜಿನ ಮೇಲೆ ಮಲಗಿಸಿ, ಚಕ್ರಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಬಾಯಲ್ಲೇ ಕೂ ಅನ್ನುತ್ತಾರೆ. ಅನ್ವಿತಾ ತನ್ನ ಗೆಳತಿಯರನ್ನು ಮನೆಗೆ ಕರೆಯುವುದನ್ನೇ ಬಿಟ್ಟಿದ್ದಾಳೆ.

ನಾಸಿಕ್‌ಗೆ ಹೋಗಿ ಅಂತ ಮೊದಲು ಒಳ್ಳೆಯ ಮಾತಿನಲ್ಲಿ ಹೇಳಿದೆ. ಕಮಲಾಬಾಯಿ ಪುಣೆಗೆ ಹೋಗುವ ಸುದ್ದಿ ಕೇಳಿ ಇಂಜಿನಿನ ಚಕ್ರವನ್ನು ಇನ್ನೊಮ್ಮೆ ಒರೆಸಿದರು. ಮತ್ತೆ, ಅಣ್ಣ ತಪ್ಪು ಒಪ್ಪಿಕೊಳ್ಳಲಿ, ಇವತ್ತೇ ಹೊರಡುತ್ತೇನೆ ಅಂದರು. ಒಳ್ಳೆಯ ಮಾತಿಗೆ ಬಗ್ಗುವ ಮನೆತನವಾ ಅಕ್ಕಾ ಇದು? ಆಮೇಲೆ ಒಂದು ಸುಳ್ಳು ಹೇಳಿದೆ. ಭಾವ ಮುಂಬೈಯಿಂದ ರಿಮೋಟಿನ ಹೊಸ ಇಂಜಿನು ತರಿಸಿದ್ದಾರಂತೆ, ಈ ಸಲ ಅದನ್ನೇ ಓಡಿಸುತ್ತಾರಂತೆ ಅಂದೆ. ಎದ್ದು ನಿಂತುಬಿಟ್ಟರು. ಕಾಕಾನ ಹಳಿಯ ಮೇಲೆ ಪ್ಲಾಸ್ಟಿಕ್ಕಾ, ಮೊದಲ ತಿರುವಿನಲ್ಲೇ ಮಗುಚುತ್ತದೆ, ಅದನ್ನು ಕಣ್ಣಾರೆ ನೋಡಲಿಕ್ಕಾದರೂ ಹೋಗಬೇಕು ಅಂತ ಇಪ್ಪತ್ನಾಲ್ಕರ ಬಸ್ಸಿಗೆ ಹೊರಟಿದ್ದಾರೆ. ನಾನು ಬರಲಾರೆ. ರಜೆಯಲ್ಲಿ ಎಲ್ಲೋರಾ ಗುಹೆ ನೋಡಲಿಕ್ಕೆ ಬಂದವರೆಲ್ಲ ನಮ್ಮ ಹೋಟೆಲಿನಲ್ಲೇ ಊಟಕ್ಕೆ ಕೂರುತ್ತಾರೆ, ಗಲ್ಲಾದಲ್ಲಿ ಯಾರಾದರೂ ಬೇಕಲ್ಲ. ನಡೆದದ್ದನ್ನೆಲ್ಲ ಬರೆಯಿರಿ. ಇವರು ಬಂದು ಹೇಳಿದರೆ ಅರ್ಧಕ್ಕರ್ಧ ತಮ್ಮದೇ ಸಾಹಸ ಇರುತ್ತದೆ.

ನಿಮ್ಮ ತಂಗಿಯಂಥ
ಪ್ರಜ್ಞಾ

ಇನ್ನೊಂದು: ಕೇಳಬೇಡ ಅಂತ ಎರಡು ಸಲ ಬರೆದಿದ್ದೀರಿ, ಹಾಗಾಗಿ ಕೇಳುವುದಿಲ್ಲ. ಆದರೆ ಎರಡು ವರ್ಷದ ಹಿಂದೆ ಅಷ್ಟಮಿಗೆ ನಾನೊಬ್ಬಳೇ ಬಂದಾಗ ತೊಟ್ಟಿಲು ತೂಗುತ್ತ, ಅಕ್ಕಾ, ಈ ಕೃಷ್ಣನ ಕೈಯಲ್ಲಿ ಕೊಳಲೂ ಇಲ್ಲ ಬೆಣ್ಣೆಯೂ ಇಲ್ಲ, ಸುಮ್ಮನೆ ಕೈ ಎತ್ತಿದ್ದಾನಲ್ಲ ಅಂತ ನಾನು ಕೇಳಿದ್ದೆ. ನೀವು ಪಾಯಸ ತಳ ಹಿಡಿಯಿತು ಅಂತ ಒಳಗೆ ಓಡಿದ್ದಿರಿ. ಆ ದಿನ ಪಾಯಸ ಮಾಡಿರಲಿಲ್ಲ.

*

ಶ್ರೀ ಕೃಷ್ಣಾಯ ನಮಃ

ನಾಸಿಕ್
ಡಿಸೆಂಬರ್ ೨೭, ಶುಕ್ರವಾರ

ನನ್ನ ಜಾಣ ಪ್ರಜ್ಞಾಳಿಗೆ ಅಕ್ಕನ ಆಶೀರ್ವಾದ.

ನಿನ್ನೆ ಏಕಾದಶಿ, ಬರೆಯಲಿಕ್ಕೆ ಕೂತರೆ ತಲೆ ತಿರುಗುತ್ತಿತ್ತು. ಇವತ್ತು ಹೊಟ್ಟೆ ತುಂಬ ಉಂಡು ಕೂತಿದ್ದೇನೆ.

ಯತಿರಾಜ ಇಂಜಿನನ್ನು ಸಾಂಬಾರಿನ ಸ್ಟೀಲ್ ಡಬ್ಬಿಯಲ್ಲಿಟ್ಟು, ವೈಜಾಪುರ ದಾಟಿ ಯೇವಲೆ ದಾಟಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದ. ಬಂದವನು ನೇರ ಮನೆಗೆ ಬರಬಾರದಾ? ಹೋಟೆಲಿನಲ್ಲಿ ಗಿರಾಕಿಯ ಹಾಗೆ ಕೂತು ಮಸಾಲೆ ದೋಸೆ ಹೇಳಿದ. ನಮ್ಮವರು ಗಲ್ಲಾದಿಂದ ನೋಡಿ, ನೋಡದವರ ಹಾಗೆ ಸೋಂಪಿನ ತಟ್ಟೆ ಸರಿ ಮಾಡತೊಡಗಿದರು. ಚಟ್ನಿಗೆ ಉಪ್ಪು ಸಾಲದು ಅಂತ ಇವನು ವೇಟರಿನ ಹತ್ತಿರ ಹೇಳಿ ಕಳಿಸಿದ. ಸಂಭಾಜಿನಗರದ ನಾಲಿಗೆಗೆ ಸಾಲದಿರಬಹುದು ಅಂತ ಅದೇ ವೇಟರಿನ ಹತ್ತಿರ ಇವರು ವಾಪಸು ಕಳಿಸಿದರು. ಆದರೆ ದೋಸೆಗೆ ಎರಡು ಚಮಚ ಬೆಣ್ಣೆ ಜಾಸ್ತಿ ಹಾಕಿಸಿದ್ದನ್ನು ನಾನು ಕಂಡೆ.

ಮನೆಗೆ ಬಂದ ಮೇಲೂ ನಾನೇ ಟಪಾಲು. ಯತಿರಾಜ ಹೊಸ ಗುಡ್ಡದ ಹತ್ತಿರ ಮೂಗು ತಂದು, ಅತ್ತಿಗೆ, ಇದು ಸೆಟ್ ದೋಸೆಯಾ ನೀರು ದೋಸೆಯಾ ಕೇಳಿ ಅಂದ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂತ ಅವನಿಗೆ ಹೇಳು ಅಂದರು ಇವರು. ಮುಂಬೈ ಇಂಜಿನು ಎಲ್ಲಿ ಅಂತ ಅವನು. ಯಾವ ಮುಂಬೈ ಅಂತ ಇವರು. ನಿನ್ನ ಸುಳ್ಳನ್ನು ಮುಚ್ಚಲಿಕ್ಕೆ ನಾನು ಕಾಫಿ ಲೋಟ ಬೀಳಿಸಬೇಕಾಯಿತು, ಒಳ್ಳೆಯ ಲೋಟ. ಅಷ್ಟರಲ್ಲಿ ಯತಿರಾಜ ಡಬ್ಬಿ ತೆರೆದು ಇಂಜಿನನ್ನು ಹಳಿಯ ಮೇಲಿಟ್ಟ. ಸ್ವಿಚ್ಚು ಒತ್ತಿದರೆ ಒಂದಿಂಚು ಹೋಗಿ ನಿಂತಿತು. ಇಬ್ಬರೂ ಒಟ್ಟಿಗೆ ಬಗ್ಗಿದರು, ತಲೆಗೆ ತಲೆ ಹೊಡೆಯಿತು. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟಿತ್ತು ಮಾರಾಯ್ತಿ! ಬಿಸಿ ಬಟ್ಟೆಯಲ್ಲಿ ಒರೆಸುತ್ತ ಇಬ್ಬರೂ ಕೂತರು.

ಮಗು ಸಿಕ್ಕಿದೆ, ಕಳಿಸುವ ಕೈ ಈ ಸಲ ನನ್ನದು, ಆ ಬದಿಗೆ ಯಾರೂ ಬರಬಾರದು ಅಂತ ಹೇಳಿದೆ. ಇಬ್ಬರೂ ಮುಖ ಮುಖ ನೋಡಿದರು. ಕ್ರಿಸ್ಮಸ್ ದಿನ ಬೆಳಿಗ್ಗೆ ದೇವರ ಕೋಣೆಯ ಬಾಗಿಲು ಹಾಕಿಕೊಂಡು ಅವನಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದೆ. ಹೌದು, ನೀನು ಊಹಿಸಿದ್ದೇ ಸರಿ, ನಗಬೇಡ. ಪಟ್ಟೆ ವಸ್ತ್ರ ಬಿಚ್ಚಿದೆ, ನವಿಲುಗರಿ ತೆಗೆದೆ, ಗಂಧ ಒರೆಸಿ ಹತ್ತಿಯಲ್ಲಿ ಸುತ್ತಿದೆ.

ಸಂಜೆ ಗಲ್ಲಿಯ ಮಕ್ಕಳೆಲ್ಲ ಬಂದರು, ಚಪ್ಪಲಿ ಮೆಟ್ಟಿಲಿನವರೆಗೆ. ಕಮಲಾಬಾಯಿಯನ್ನು ಸ್ಟೇಷನ್ನಿನ ಪಕ್ಕ ಕುರ್ಚಿಯಲ್ಲಿ ಕೂರಿಸಿದೆವು. ನಾನು ಸುರಂಗದ ಆಚೆ ಕೂತು ಕೊನೆಯ ಡಬ್ಬಿಯಲ್ಲಿ ಅವನನ್ನು ಮಲಗಿಸಿದೆ. ಯತಿರಾಜ ಸ್ವಿಚ್ಚು ಒತ್ತಿದ. ಗಾಡಿ ಒಳಗೆ ಹೋಯಿತು. ಆ ಸುರಂಗ ಎರಡು ಮೊಳ ಇದ್ದೀತು, ನಾನು ಅಷ್ಟರಲ್ಲಿ ನೂರೆಂಟು ಸಲ ಕೃಷ್ಣಾ ಅಂದಿರಬೇಕು. ಆಚೆ ಮಕ್ಕಳು, ಆಲಾ, ಬಾಳ ಆಲಾ, ಬಂದ ಬಂದ ಅಂತ ಕಿರುಚಿದ್ದು ಕೇಳಿದ ಮೇಲೆಯೇ ಉಸಿರು ಬಿಟ್ಟದ್ದು.

ಕಮಲಾಬಾಯಿ ಎರಡೂ ಕೈಯಲ್ಲಿ ಎತ್ತಿಕೊಂಡರು. ಬೆರಳಿನಿಂದ ಪಾದ ಸವರಿದರು, ಬಲಗಾಲಿನ ಹೆಬ್ಬೆರಳು ಚೂರು ಮುರಿದದ್ದು ಸಿಕ್ಕಿತು. ಇವನೇ, ಇವನೇ ಅಂದರು. ಮೂಗಿನ ಹತ್ತಿರ ತಂದು, ಬೆಣ್ಣೆ ವಾಸನೆ ಬರುತ್ತದಲ್ಲ ಅಂದರು. ಮತ್ತೆ ಬೆರಳು ಹೊಟ್ಟೆಯ ಹತ್ತಿರ ಹೋಗಿ ನಿಂತಿತು. ನನಗೆ ಆಗ ನೆನಪಾಯಿತು ಪ್ರಜ್ಞಾ. ಬೆಳ್ಳಿ ಉಡಿದಾರ ಬಿಚ್ಚಲಿಕ್ಕೆ ಮರೆತಿದ್ದೆ.

ನಮ್ಮವರು ಉಡಿದಾರ ನೋಡಿದರು, ಅದನ್ನು ಮಾಡಿಸಿಕೊಟ್ಟವರೇ ಅವರು. ದಿನಾ ದೇವರ ಮುಂದೆ ಕಣ್ಣು ಮುಚ್ಚಿಕೊಂಡೇ ನಿಲ್ಲುವ ಜಾತಿ, ಒಂದು ದಿನ ಕಣ್ಣು ಬಿಟ್ಟಿದ್ದರೆ ಮೂರು ವರ್ಷದ ಜಗಳ ಇರುತ್ತಿರಲಿಲ್ಲ. ಗುಡ್ಡ ಒಡೆದು ತುಳಸಿಗೆ ಹಾಕಿದ್ದು, ಆಷಾಢದಲ್ಲಿ ಮಣ್ಣು ಬಿಡಿಸುವಾಗ ಬಣ್ಣವೆಲ್ಲ ಹೋದ ಈ ಮಗು ಬುಡದಲ್ಲಿ ಸಿಕ್ಕಿದ್ದು, ತುಳಸಿಯೇ ಕೃಷ್ಣನನ್ನು ಕೊಟ್ಟಳು ಅಂತ ನಾನು ಒಳಗೆ ತಂದದ್ದು, ಎಲ್ಲ ಹೇಳಿದೆ. ಉಬ್ಬಿದ ಹಿಟ್ಟು ಸುರಂಗದಲ್ಲೇ ಮಗುವನ್ನು ಹಿಡಿದುಕೊಂಡಿತ್ತು ಅಂತ ಎಲ್ಲರಿಗೂ ಆಗ ಅರ್ಥವಾಯಿತು. ಕಮಲಾಬಾಯಿ ಮೊನ್ನೆ ಹೋಟೆಲಿಗೆ ಬಂದಾಗ ಮುರಿದ ಹೆಬ್ಬೆರಳಿನ ಗುರುತು ಹೇಳಿದ ಮೇಲೆಯೇ ನನಗೆ ತಿಳಿಯಿತು ಅಂದೆ.

ಮೂರು ವರ್ಷದ ನಂತರ ಅಣ್ಣತಮ್ಮ ಒಂದೇ ಬಾಯಲ್ಲಿ ಮಾತಾಡಿದರು. ನನ್ನನ್ನು ಬೈಯಲಿಕ್ಕೆ. ಬುದ್ಧಿ ಉಂಟಾ ನಿನಗೆ ಅಂತ ಇವರು ಶುರು ಮಾಡಿದರೆ ಅಣ್ಣ ಹೇಳುವುದು ಸರಿ ಅತ್ತಿಗೆ ಅಂತ ಅವನು. ದೋಸೆ ಹಿಟ್ಟು ತಂದದ್ದು ಯಾರು ಅಂತ ನಾನು ಕೇಳಿದೆ. ಆಗ ಇಬ್ಬರೂ ಗುಡ್ಡ ನೋಡತೊಡಗಿದರು.

ಕಮಲಾಬಾಯಿ ನಗುತ್ತಿದ್ದರು, ಮಂಜು ಕಣ್ಣಿನಲ್ಲಿ ನೀರು. ಇಷ್ಟು ವರ್ಷ ನಮ್ಮ ಮನೆಯಲ್ಲಿ ಇವನಿಗೆ ವರ್ಷಕ್ಕೊಂದು ಸಂಜೆ ಮಾತ್ರ ಮರ್ಯಾದೆ, ಉಳಿದ ದಿನ ಪೆಟ್ಟಿಗೆಯಲ್ಲಿ, ನಿನ್ನ ಹತ್ತಿರ ದಿನಾ ಹಾಲು ಕುಡಿದು ಬಂದಿದ್ದಾನೆ ಅಂದರು. ಗೋದಲಿಯಲ್ಲಿ ಅವರೇ ಮಲಗಿಸಿದರು. ಉಡಿದಾರ ಇರಲಿ, ಚಳಿ ಉಂಟು ಅಂದರು. ನಾಳೆ ಅವರು ಪುಣೆಗೆ ಹೊರಡುತ್ತಾರೆ, ಅವನನ್ನು ನನ್ನ ಹತ್ತಿರವೇ ಬಿಟ್ಟು. ಪ್ರತಿ ಕ್ರಿಸ್ಮಸ್ಸಿಗೆ ಫೋನು ಹಳಿಯ ಪಕ್ಕ ಇಟ್ಟು ಶಬ್ದ ಕೇಳಿಸಬೇಕಂತೆ. ಮುಂದಿನ ಸಲ ಹಳಿಯೆಲ್ಲ ನಿಮ್ಮಲ್ಲಿಗೆ ಬರುತ್ತದೆ, ನಿನ್ನ ಹಾಲ್ ಖಾಲಿ ಮಾಡಿಡು. ಗುಡ್ಡ ಯಾವುದರಲ್ಲಿ ಕಟ್ಟುವುದು ಅಂತ ಇಬ್ಬರೂ ಈಗ ಹೊರಗೆ ಕೂತು ಜಗಳಾಡುತ್ತಿದ್ದಾರೆ. ನೇರವಾಗಿ, ವೇಟರ್ ಇಲ್ಲದೆ.

ಇತಿ
ಬೈಸಿಕೊಂಡರೂ ಸುಖವಾಗಿರುವ
ವಸಂತಿ ಅಕ್ಕ

ಇದು ನಿನಗೆ ಮಾತ್ರ: ಕಮಲಾಬಾಯಿ ಹೇಳಿದ ಮೇಲೆ ತಿಳಿಯಿತು ಅಂದೆನಲ್ಲ, ಅದು ಸುಳ್ಳು. ನೀನು ಅಷ್ಟಮಿಯ ದಿನ ಕೊಳಲು ಕೇಳಿದಾಗಲೇ ನನಗೆ ಗೊತ್ತಾಯಿತು. ನವಿಲುಗರಿ ಸಿಕ್ಕಿಸಿದ್ದು ಅದರ ಮರುದಿನ. ಕೊಟ್ಟರೆ ನನ್ನ ತೊಟ್ಟಿಲು ಖಾಲಿಯಾಗುತ್ತದೆ ಅಂತ ಎರಡು ವರ್ಷ ಬಾಯಿ ಮುಚ್ಚಿಕೊಂಡು, ಅಣ್ಣತಮ್ಮನನ್ನು ಒಂದು ಮಾಡು ಅಂತ ಅವನನ್ನೇ ಬೇಡುತ್ತಿದ್ದೆ. ಅವನು ಕೈ ಎತ್ತಿದ್ದು ಆಶೀರ್ವಾದಕ್ಕೆ ಅಂತ ನೀವೆಲ್ಲ ತಿಳಿದಿದ್ದೀರಿ. ನನಗೆ ಮಾತ್ರ ದಿನಾ, ಮೊದಲು ನನ್ನನ್ನು ಬಿಡು ಮಾರಾಯ್ತಿ ಅಂದ ಹಾಗೆ ಕಾಣುತ್ತಿತ್ತು. ಕಾಗದ ಯತಿರಾಜನ ಕೈಯಲ್ಲೇ ಕಳಿಸುತ್ತಿದ್ದೇನೆ, ಹೆದರಬೇಡ. ಲಕೋಟೆಯನ್ನು ದೋಸೆ ಹಿಟ್ಟಿನಿಂದ ಅಂಟಿಸಿದ್ದೇನೆ. ಅದು ಹಿಡಿದದ್ದನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.