ನೀಲಿ ಪೆಟ್ಟಿಗೆಯ ಇನ್ನೂರು ಗುಂಡು

ಗಾಂಧಿನಗರ, ಬಳ್ಳಾರಿ
9 ಫೆಬ್ರುವರಿ 2025, ಭಾನುವಾರ ಮಧ್ಯಾಹ್ನ

ಚಿರಂಜೀವಿ ವಿಜಯಕುಮಾರನಿಗೆ ಮನೆಯಿಂದ ಅಪ್ಪ ಬರೆಯುವುದು. ಜೈ ಭೀಮ್.

ನಿನ್ನ ಹೊಟ್ಟೆಯ ಉರಿತ ಹೇಗಿದೆ? ಹೈದರಾಬಾದಿನ ಮೆಸ್ಸಿನ ಊಟ ಒಗ್ಗುತ್ತಿಲ್ಲವೆಂದು ನಿನ್ನ ಅವ್ವ ದಿನಾ ಒಂದು ಸಲ ಹೇಳುತ್ತಾಳೆ. ಮಜ್ಜಿಗೆ ಕುಡಿ, ಉಪ್ಪಿನಕಾಯಿ ಸ್ವಲ್ಪ ದಿನ ಬಿಡು. ಅವಳ ಸಕ್ಕರೆ ಹೋದ ತಿಂಗಳಿಗಿಂತ ಇಳಿದಿದೆ, ಆದರೂ ಮಂಡಕ್ಕಿ ವಗ್ಗರಣೆಯ ಜೊತೆ ಎರಡು ಮಿರ್ಚಿ ತಿನ್ನುವುದನ್ನು ಬಿಟ್ಟಿಲ್ಲ. ನನ್ನ ಮೊಣಕಾಲು ಮೆಟ್ಟಿಲು ಹತ್ತುವಾಗ ಮಾತ್ರ ನೋಯುತ್ತದೆ. ಫೋನು ಇರುವಾಗ ಕಾಗದ ಏಕೆ ಎಂದು ನಿನಗೆ ಅನ್ನಿಸಬಹುದು. ಹದಿನೈದು ದಿನದಿಂದ ನೀನು ಫೋನು ಮಾಡಿದಾಗಲೆಲ್ಲ ಅಪ್ಪ ಸ್ನಾನಕ್ಕೆ ಹೋಗಿದ್ದಾರೆ, ಮಲಗಿದ್ದಾರೆ ಎಂದು ಅವ್ವನ ಬಾಯಿಂದ ಹೇಳಿಸಿದ್ದೇನೆ. ಅದೆಲ್ಲ ಸುಳ್ಳು. ನಿನ್ನ ದನಿ ಕೇಳಿದರೆ ಕೇಳಬೇಕಾದ ಮಾತು ಬಾಯಿಗೆ ಬರುವುದಿಲ್ಲ, ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೇನು. ಅದಕ್ಕೇ ಕಾಗದ.

ಕುರುಗೋಡು ರಸ್ತೆಯ ಗುಡ್ಡದ ಬುಡದಲ್ಲಿರುವ ನಮ್ಮ ಶೂಟಿಂಗ್ ಕ್ಲಬ್ಬಿನ ರೇಂಜಿಗೆ ಹೊಸ ಪಾಯಿಂಟ್ ಟೂಟೂ ಪಿಸ್ತೂಲು ಬಂದದ್ದು ನಿನಗೆ ಗೊತ್ತು. ಅದನ್ನು ಹೊಡೆಯುವವಳು ಸಿರುಗುಪ್ಪದ ರಶ್ಮಿ. ಅಲ್ಲಿನ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಾಳೆ, ಶನಿವಾರ ಭಾನುವಾರ ಬೆಳಗಿನ ಬಸ್ಸು ಹಿಡಿದು ಬರುತ್ತಾಳೆ. ಈ ತಿಂಗಳ ಇಪ್ಪತ್ತೇಳಕ್ಕೆ ಅವಳಿಗೆ ರಾಜ್ಯ ಮಟ್ಟದ ಸ್ಪರ್ಧೆ. ಹೋದ ವರ್ಷ ಹಳೆಯ ಪಿಸ್ತೂಲು ಒಂದೇ ಸುತ್ತಿನಲ್ಲಿ ಎರಡು ಸಲ ಗುಂಡು ಸಿಕ್ಕಿಕೊಂಡು ಜಾಮ್ ಆಯಿತು. ಮೊದಲ ಸಲ ಜಾಮ್ ಆದರೆ ಮತ್ತೆ ಹೊಡೆಯಲು ಬಿಡುತ್ತಾರೆ, ಎರಡನೆಯದಕ್ಕೆ ಕ್ಷಮೆಯಿಲ್ಲ. ಉಳಿದ ಗುಂಡುಗಳಿಗೆ ಸೊನ್ನೆ ಬಿತ್ತು, ಹುಡುಗಿ ಮೂರು ಅಂಕದಲ್ಲಿ ತಂಡದಿಂದ ಹೊರಗುಳಿದಳು. ಆ ದಿನ ಅವಳು ಅಳಲಿಲ್ಲ. ಪಿಸ್ತೂಲು ಒರೆಸಿ ಪೆಟ್ಟಿಗೆಯಲ್ಲಿಟ್ಟು, "ಕೈ ತಪ್ಪಿದ್ರ ನಾ ಒಪ್ಗೊಂತಿದ್ದೆ ಸರ್, ಕೈ ತಪ್ಪಿಲ್ಲಲ್ರೀ" ಎಂದಳು. ಅದಕ್ಕೇ ಈ ಹೊಸದು ಬಂದದ್ದು, ಅದಕ್ಕೇ ಇದಕ್ಕೆ ಒಗ್ಗುವ ಗುಂಡು ಆರಿಸುವ ಕೆಲಸವನ್ನು ಮೂವತ್ತೊಂದು ವರ್ಷ ಪೊಲೀಸ್ ಆರ್ಮರಿಯಲ್ಲಿ ಬಂದೂಕು ಬಿಚ್ಚಿ ಜೋಡಿಸಿದ ನನಗೆ ವಹಿಸಿದ್ದು.

ಈ ಜಾತಿಯ ಪಿಸ್ತೂಲು ತಾನೇ ತಿನ್ನುತ್ತದೆ, ತಾನೇ ಉಗುಳುತ್ತದೆ. ಒಂದು ಗುಂಡು ಸಿಡಿದ ಬಲಕ್ಕೇ ಸ್ಲೈಡು ಹಿಂದೆ ಸರಿದು ಖಾಲಿ ಹಿತ್ತಾಳೆ ಕೇಸನ್ನು ಹೊರಗೆಸೆದು, ಮುಂದೆ ಬರುವಾಗ ಮ್ಯಾಗಜಿನ್ನಿನಿಂದ ಇನ್ನೊಂದನ್ನು ಎತ್ತಿಕೊಳ್ಳಬೇಕು. ಗುಂಡಿನ ಬಲ ಒಂದಿಷ್ಟು ಕಡಿಮೆಯಾದರೆ ಖಾಲಿ ಕೇಸು ಬಾಯಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಗುಂಡಿನ ಹಿಂಬದಿಯ ಅಂಚು ದಪ್ಪವಿದ್ದರೆ ಸ್ಲೈಡು ಪೂರ್ತಿ ಮುಚ್ಚುವುದಿಲ್ಲ. ಮೊದಲು ಕ್ಲಬ್ಬಿನಲ್ಲಿದ್ದ ಹಳದಿ ಪೆಟ್ಟಿಗೆಯ ಹಳೆಯ ಗುಂಡು ಹಾಕಿಸಿದೆ. ಇನ್ನೂರಕ್ಕೆ ಹದಿನೇಳು ಜಾಮ್. ನಾನು ಮೊದಲು ಅನುಮಾನಪಟ್ಟದ್ದು ಪಿಸ್ತೂಲನ್ನು. ಬಿಚ್ಚಿ ನೋಡಿದೆ, ಸ್ಪ್ರಿಂಗು ಬಿಗಿ, ಹೊಸದಲ್ಲವೇ. ಎಣ್ಣೆ ಬದಲಿಸಿದೆ. ಆಮೇಲೆ ರಶ್ಮಿಯ ಮಣಿಕಟ್ಟನ್ನು ಅನುಮಾನಪಟ್ಟೆ. ಕೈ ಸಡಿಲ ಹಿಡಿದರೂ ಹೀಗಾಗುತ್ತದೆ ಎಂದು ನಾನೇ ಇಪ್ಪತ್ತು ಗುಂಡು ಹೊಡೆದೆ, ನನ್ನ ಕೈಯಲ್ಲೂ ಎರಡು ಸಿಕ್ಕಿಕೊಂಡವು. ಆಮೇಲೆ ಕ್ಲಬ್ಬಿನ ಉಗ್ರಾಣ ನೋಡಿಕೊಳ್ಳುವ ಪರಶುವನ್ನು ಅನುಮಾನಪಟ್ಟೆ, ಗುಂಡಿನ ಪೆಟ್ಟಿಗೆಗಳನ್ನು ತಗಡಿನ ಗೋಡೆಗೆ ಆನಿಸಿ ಬಿಸಿಲಿಗೆ ಕಾಯಿಸಿದ್ದಾನೆಂದು. "ನಾಕು ವರ್ಷದಿಂದ ಕಪಾಟಿನ್ಯಾಗ ಅದಾವ್ರೀ, ಬೇಕಾದ್ರ ನೋಡ್ರಿ" ಎಂದು ಅವನು ಬೀಗ ತೆರೆದು ತೋರಿಸಿದ. ಕಪಾಟು ತಣ್ಣಗೇ ಇತ್ತು.

ಆಗ ನೀನಿರುವ ಬಂದೂಕಿನ ಅಂಗಡಿಯ ಮಾಲಿಕರ ಗಾಡಿಯಲ್ಲಿ, ಕ್ಲಬ್ಬಿನ ಹೆಸರಿಗೆ, ಸರಿಯಾದ ಕಾಗದಪತ್ರದ ಸಮೇತ ನೀಲಿ ಪೆಟ್ಟಿಗೆಗಳ ಸ್ಯಾಂಪಲ್ಲು ಬಂತು. ಅದೇ ವಾರ ಹೊಸಪೇಟೆಯ ಅಂಗಡಿಯಿಂದ ಕೆಂಪು ಪೆಟ್ಟಿಗೆಗಳೂ ಬಂದವು. ನೀನು ಮನೆಗೆ ಕಳಿಸಿದ್ದ ಕೊರಿಯರಿನಲ್ಲಿ ಅವ್ವನ ಮಾತ್ರೆ, ನನಗೆ ಚಲನ್ನಿನ ಪ್ರತಿ ಇತ್ತು. ನಾಲ್ಕು ತಿಂಗಳ ಹಿಂದೆ ಸೇರಿದ ಅಂಗಡಿಯಿಂದ ಮಗ ಕಳಿಸಿದ ಮೊದಲ ಸರಕು ಎಂದು ಆ ಪ್ರತಿಯನ್ನು ಮಡಚಿ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಇದನ್ನು ಯಾರಿಗೂ ಹೇಳಿಲ್ಲ.

ಜನವರಿ ಇಪ್ಪತ್ತೈದಕ್ಕೆ ನಿನ್ನ ನೀಲಿ ಗುಂಡು ಹಾಕಿಸಿದೆ. ಐವತ್ತು ಹೋಯಿತು, ಜಾಮ್ ಇಲ್ಲ. ನೂರು ಹೋಯಿತು, ಇಲ್ಲ. ರಶ್ಮಿಯ ಮುಖ ಅರಳುತ್ತಿತ್ತು. ನೂರೈವತ್ತಕ್ಕೂ ಒಂದು ಸಿಕ್ಕಿಕೊಳ್ಳದಿದ್ದಾಗ ನನ್ನ ಮುಖ ಬಿಗಿಯಿತು. ವಿಜಯಾ, ನನ್ನ ನೌಕರಿಯಲ್ಲಿ ಎಷ್ಟು ಪೆಟ್ಟಿಗೆ ಒಡೆದಿದ್ದೇನೋ ಲೆಕ್ಕವಿಲ್ಲ. ಕಾರ್ಖಾನೆಯಿಂದ ಬಂದ ಗುಂಡಿನಲ್ಲಿ ಸಾಲಾಗಿ ನೂರೈವತ್ತು, ಅದೂ ಬಿಗಿ ಸ್ಪ್ರಿಂಗಿನ ಹೊಸ ಪಿಸ್ತೂಲಿನಲ್ಲಿ, ಒಂದೂ ಸಿಕ್ಕಿಕೊಳ್ಳದೆ ಹೋದದ್ದನ್ನು ನಾನು ಕಂಡಿಲ್ಲ. ಉಳಿದ ಐವತ್ತನ್ನು ನಿಲ್ಲಿಸಿ ಗೇಜು ತರಿಸಿ ಅಂಚಿನ ದಪ್ಪ ಅಳೆದೆ. ಐವತ್ತೂ ಒಂದೇ ಅಳತೆ. ಅಕ್ಕಸಾಲಿ ಮಲ್ಲಯ್ಯನನ್ನು ಅವನ ತಕ್ಕಡಿ ಸಮೇತ ರೇಂಜಿಗೇ ಕರೆಸಿ ತೂಗಿಸಿದೆ. ತೂಕವೂ ಒಂದೇ. ಪೆಟ್ಟಿಗೆಯ ಮಡಿಕೆಯನ್ನು ಬೆಳಕಿಗೆ ಹಿಡಿದರೆ ಹಳೆಯ ಅಂಟಿನ ಮೇಲೆ ಹೊಸ ಅಂಟು. ಯಾರೋ ಸಾವಿರಾರು ಗುಂಡು ಮುಂದಿಟ್ಟುಕೊಂಡು ಅದರಲ್ಲಿ ಇನ್ನೂರು ಮುತ್ತು ಆರಿಸಿ ತುಂಬಿದ್ದರು.

ರಶ್ಮಿ, "ಸರ್, ಈ ಐವತ್ತನ್ನ ಹೊಡ್ಯೂದು ಬ್ಯಾಡ್ರಿ, ಸ್ಪರ್ಧೆಗೆ ಇಟ್ಕೊಳ್ಳೋಣು" ಎಂದು ಕೈಮುಗಿದು ಕೇಳಿದಳು. ಪರೀಕ್ಷೆಯೆಂದರೆ ಇನ್ನೂರು, ಇನ್ನೂರೇ ಹೊಡೆಯಬೇಕು ಎಂದು ಗದರಿಸಿ ಅವನ್ನೂ ಹೊಡೆಸಿದೆ. ಅವೂ ಜಾಮ್ ಆಗಲಿಲ್ಲ. ಆವತ್ತಿನಿಂದ ನಿನ್ನ ಫೋನು ಎತ್ತಲಿಲ್ಲ.

ಮರುದಿನ ಕೆಂಪು ಹಾಕಿಸಿದೆ. ಮೊದಲ ಐವತ್ತರಲ್ಲಿ ಮೂರು ಜಾಮ್, ಒರೆಸಿ ಎಣ್ಣೆ ಹಾಕಿದ ಮೇಲೆ ಉಳಿದ ನೂರೈವತ್ತರಲ್ಲಿ ಒಂದು ಮಾತ್ರ. ಅದು ಪ್ರಾಮಾಣಿಕ ಗುಂಡು, ತನ್ನ ತಪ್ಪನ್ನು ಮುಚ್ಚಿಡಲಿಲ್ಲ. ಆಮೇಲೆ ಒಂದು ಕೆಲಸ ಮಾಡಿದೆ. ಕ್ಲಬ್ಬಿನ ಕಾರ್ಯದರ್ಶಿ ದೊಡ್ಡಬಸವರಾಜರು, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇರುವವರು, ಗಿರಣಿಯ ಯಂತ್ರದ ಸಾಮಾನಿಗೆಂದು ಹೈದರಾಬಾದಿಗೆ ಹೊರಟಿದ್ದರು. ಕ್ಲಬ್ಬಿನ ಪರವಾನಗಿ ಕೊಟ್ಟು, ನಿಮ್ಮ ಅಂಗಡಿಗೆ ಹೋಗಿ ಗೋದಾಮಿನ ಕಪಾಟಿನಿಂದ ತಮ್ಮ ಕೈಯಾರೆ ನಾಲ್ಕು ನೀಲಿ ಪೆಟ್ಟಿಗೆ ತೆಗೆಯಬೇಕು, ನನ್ನ ಮಗನಿಗೆ ತಿಳಿಯಬಾರದು ಎಂದೆ. ನೀನು ಊಟಕ್ಕೆ ಹೋಗಿದ್ದ ಹೊತ್ತು ನೋಡಿ ತಂದರು. ನಿನ್ನೆ ಶನಿವಾರ ಹೊಡೆಸಿದೆವು. ಪಿಸ್ತೂಲು ಅಷ್ಟೊತ್ತಿಗೆ ಚೆನ್ನಾಗಿ ಪಳಗಿತ್ತು, ಅದರ ಮೇಲೆ ನೆಪ ಹೇಳುವಂತಿಲ್ಲ. ಇನ್ನೂರಕ್ಕೆ ಒಂಬತ್ತು ಜಾಮ್. ನಾಲ್ಕರಲ್ಲಿ ಅಂಚು ದಪ್ಪವಾಗಿ ಸ್ಲೈಡು ಮುಚ್ಚಲಿಲ್ಲ, ಐದರಲ್ಲಿ ಖಾಲಿ ಕೇಸು ಕಚ್ಚಿಕೊಂಡಿತು. ಅದೇ ನೀಲಿ, ಅದೇ ಹೆಸರು, ಅದೇ ಲಾಟು.

ಗೇಜು ಹಿಡಿದು ಅಂಚು ಅಳೆಯುವುದನ್ನು ನಿನಗೆ ಕಲಿಸಿದವನು ನಾನು. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ನೀನು ನನ್ನ ಜೊತೆ ರೇಂಜಿಗೆ ಬರುತ್ತಿದ್ದ ವರ್ಷ, ಶೆಡ್ಡಿನ ನೆರಳಲ್ಲಿ ಕೂತು ನೀನು ಒಂದು ದಿನಕ್ಕೆ ಐನೂರು ಅಳೆಯುತ್ತಿದ್ದೆ. ನನಗಿಂತ ನಿನ್ನ ಬೆರಳು ಚುರುಕು. ಆ ಅಂಗಡಿಯಲ್ಲಿ ಈ ಕೆಲಸ ಬಲ್ಲವನು ನೀನಲ್ಲದೆ ಇನ್ನಾರು? ಕೆಟ್ಟ ಮಾಲನ್ನು ಒಳ್ಳೆಯದೆಂದು ತೋರಿಸಲು ನೀನು ಆ ಬೆರಳನ್ನು ಬಳಸಿದೆ ಎಂದೇ ನಾನು ತಿಳಿದಿದ್ದೇನೆ. ಪರೀಕ್ಷೆ ಮಾಡುವವನು ಅಪ್ಪ, ಅಪ್ಪ ಏನೂ ಅನ್ನುವುದಿಲ್ಲ ಎಂದುಕೊಂಡೆಯಾ? ಅಥವಾ ಮಾಲಿಕರು ಹೇಳಿದರೆಂದು ಮಾಡಿದೆಯಾ? ಹಾಗಿದ್ದರೆ ಆ ನೌಕರಿ ನಿನಗೆ ಬೇಡ.

ದೊಡ್ಡಬಸವರಾಜರಿಗೆ ಇದು ದೊಡ್ಡ ಮಾತೇ ಅಲ್ಲ. "ಉಚ್ಚೆಂಗೆಪ್ಪನೋರೆ, ಒಂಬತ್ತೇ ಅಲ್ಲೇನ್ರೀ, ಹಳದಿಕ್ಕಿಂತ ಛಲೋನ ಐತಿ. ನಿಮ್ಮ ಮಗನ ಮಾಲು ಅಂದ್ರ ನಮ್ಮನಿ ಮಾಲು ಇದ್ದಂಗ, ಬರದು ಕೊಡ್ರಿ, ತಗೊಳ್ಳೋಣು" ಎಂದು ನಗುತ್ತಾರೆ. ಅವರ ನಗುವನ್ನೂ ಈಗ ನಾನು ನಂಬುತ್ತಿಲ್ಲ. ರಶ್ಮಿ ಮಾತ್ರ ಆ ಒಂಬತ್ತನ್ನು ಬೇರೆ ಕಟ್ಟಿ ಇಟ್ಟಳು. ಬಸ್ಸು ಹತ್ತುವಾಗ ನನ್ನ ಮುಖ ನೋಡಲಿಲ್ಲ.

ನಿನ್ನ ಅವ್ವನಂತೂ ರಾತ್ರಿಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. "ಹುಡುಗಗ ಆರು ತಿಂಗಳ ಮ್ಯಾಲ ನೌಕರಿ ಕಾಯಂ ಆಗೂದೈತಿ. ಇದೊಂದು ಆರ್ಡರ್ ಕೈಬಿಟ್ರ ಮನಿಗೆ ಕಳಸ್ತಾರ. ಅಪ್ಪ ಆಗಿ ನೀವ ಅಡ್ಡ ನಿಂದ್ರತೀರೇನು" ಎಂದಳು. ಅಪ್ಪನಾಗಿ ಅಡ್ಡ ನಿಲ್ಲಲೇಬೇಕಾಗಿದೆ. ಗುರುವಾರ ಸಮಿತಿ ಕೂಡುತ್ತದೆ. ಕೆಂಪು ಕೊಳ್ಳಿರಿ, ನೀಲಿ ಬೇಡ ಎಂದು ವರದಿ ಬರೆದಿದ್ದೇನೆ. ಸ್ಯಾಂಪಲ್ಲು ಆರಿಸಿದ್ದಾಗಿತ್ತು, ಕಳಿಸಿದವನು ನನ್ನ ಮಗ ಎಂದೂ ಬರೆದಿದ್ದೇನೆ. ಅಷ್ಟರೊಳಗೆ ನೀನೇ ದೊಡ್ಡಬಸವರಾಜರಿಗೆ ಫೋನು ಮಾಡಿ ಮಾಲು ಹಿಂತೆಗೆದುಕೊಂಡರೆ ಆ ಕೊನೆಯ ಸಾಲನ್ನು ಓದುವುದಿಲ್ಲ. ಇಷ್ಟು ಮಾತ್ರ ನನ್ನಿಂದಾಗುವುದು.

ನಿನ್ನ ಸ್ವೆಟರು ಇಲ್ಲೇ ಬಿಟ್ಟು ಹೋಗಿದ್ದೀ, ಯಾರಾದರೂ ಬಂದರೆ ಕಳಿಸುತ್ತೇನೆ. ಮೈ ನೋಡಿಕೋ. ತಥಾಗತ ನಿನಗೆ ಒಳ್ಳೆಯ ಬುದ್ಧಿ, ಗಟ್ಟಿ ಹೊಟ್ಟೆ ಎರಡನ್ನೂ ಕೊಡಲಿ.

ನಿನ್ನ ಅಪ್ಪ,
ಉಚ್ಚೆಂಗೆಪ್ಪ

ತಾ.ಕ. – ಸೋಮವಾರ ಬೆಳಿಗ್ಗೆ, ಅಂಚೆಗೆ ಹೋಗುವ ಅವಸರದಲ್ಲಿ.

ಲಕೋಟೆ ಅಂಟಿಸುತ್ತಿದ್ದಾಗ ನಿನ್ನ ಅವ್ವ ಏನು ಬರೆದಿರಿ ಎಂದು ಕೇಳಿದಳು. ಓದಿ ಹೇಳಿದೆ. ಎದ್ದು ಒಳಗೆ ಹೋಗಿ, ಟ್ರಂಕಿನ ಅಡಿಯಿಂದ ನಾಲ್ಕು ಮಡಿಕೆಯ ಹಾಳೆ ತಂದು ನನ್ನ ಮುಂದಿಟ್ಟಳು. ನಿನ್ನ ಕೈಬರಹ. ಕೊರಿಯರಿನಲ್ಲಿ ಚಲನ್ನಿನ ಜೊತೆ ನನಗೇ ಬರೆದದ್ದು. "ಅಪ್ಪಾ, ಈ ಇನ್ನೂರನ್ನು ಮಾಲಿಕರ ಒಪ್ಪಿಗೆ ತಗೊಂಡು ಮೂರು ಭಾನುವಾರ ಕೂತು ಆರಿಸೀನಿ. ರಶ್ಮಿ ಮೇಡಮ್ಮಿನ ಸ್ಪರ್ಧೆಗೆ ಇಡು, ಪರೀಕ್ಷೆಗೆ ಹೊಡಿಬ್ಯಾಡ. ಇವನ್ನ ನೋಡಿ ನಮ್ಮ ಮಾಲು ತಗೊಳ್ಳಾಕ ಹೇಳಬ್ಯಾಡ. ಆರಿಸದ ಮಾಲು ಅಷ್ಟು ಛಲೋ ಇಲ್ಲ. ನಂಬಿಕಿ ಇದ್ದವರನ್ನ ಕಳಿಸಿ ಗೋದಾಮಿನಿಂದ ತೆಗೆಸಿ ನೋಡು." ತನ್ನ ಮಾಲನ್ನು ತಾನೇ ಬೇಡ ಎನ್ನುವ ಮಗನ ದಡ್ಡತನಕ್ಕೆ ಹೆದರಿ ಅವಳು ಇದನ್ನು ಮುಚ್ಚಿಟ್ಟಿದ್ದಾಳೆ. ಫೋನಿನಲ್ಲಿ ಅಪ್ಪ ಓದಿದನಾ ಎಂದು ನೀನು ಕೇಳಿದಾಗ ಓದಿದರು ಎಂದಿದ್ದಾಳೆ. "ಹುಡುಗನ್ನ ಮೋಸಗಾರ ಅಂತ ಬರದ ಮ್ಯಾಲ ಇನ್ನ ಹೆಂಗ ಮುಚ್ಚಿಡ್ಲಿ" ಎಂದು ಅತ್ತಳು. ಅವಳನ್ನು ಏನೂ ಅನ್ನಬೇಡ. ನಾನೂ ಅಂದಿಲ್ಲ.

ನಿನ್ನ ಮೂರು ಭಾನುವಾರವನ್ನು ನಾನು ಒಂದು ಬೆಳಿಗ್ಗೆ ಹೊಡೆಸಿ ಹಾಳು ಮಾಡಿದೆ. ರಶ್ಮಿಗೆ ಈಗಷ್ಟೇ ಫೋನು ಮಾಡಿ ನನ್ನ ತಪ್ಪು ಹೇಳಿದೆ. "ಹದಿನೇಳು ದಿನ ಅದಾವಲ್ರೀ ಸರ್" ಎಂದಳು. ಗುರುವಾರದ ವರದಿಯಲ್ಲಿ ನೀಲಿ ಬೇಡ ಎಂಬುದು ಹಾಗೇ ಇರುತ್ತದೆ. ನಿನ್ನ ಮೇಲಿನ ಸಾಲು ತೆಗೆದು, ಅದರ ಜಾಗದಲ್ಲಿ ನಿನ್ನ ಚೀಟಿ ಓದುತ್ತೇನೆ.

ಈ ಕಾಗದ ಹರಿದು ಹೊಸದು ಬರೆಯಿರಿ ಎಂದಳು ಅವ್ವ. ಆರ್ಮರಿಯ ರಿಜಿಸ್ಟರಿನಲ್ಲಿ ಹಾಳೆ ಹರಿಯುವಂತಿರಲಿಲ್ಲ. ತಪ್ಪು ಬರೆದರೆ ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಬೇಕಿತ್ತು. ನಿನ್ನನ್ನು ಅಂದ ಮಾತುಗಳಿಗೆಲ್ಲ ಹಾಗೆ ಗೆರೆ ಎಳೆದು ಸಹಿ ಮಾಡಿದ್ದೇನೆ. ನಿನ್ನ ಅಪ್ಪ ನಿನ್ನನ್ನು ಏನೆಂದುಕೊಂಡಿದ್ದ ಎಂಬುದು ನಿನಗೆ ಗೊತ್ತಿರಲಿ. ಬರುವ ಭಾನುವಾರ ಕೆಂಪು ಗುಂಡು ಆರಿಸಲು ಕೂರಬೇಕು, ನನ್ನ ಕಣ್ಣು ಸಾಲದು. ಎಲ್ಲ ಓದಿದ ಮೇಲೂ ಬರುವ ಮನಸ್ಸಿದ್ದರೆ, ಬಾ.