ಉಣ್ಣೆ ಬಡಿದ ಕತ್ತಿ

ಓಸ್ಟರಾಯ್ ದ್ವೀಪ
3 ಜೂನ್ 1958

ಪ್ರೀತಿಯ ತಮ್ಮ ಐಲೆವ್‌ಗೆ,

ಮೊದಲೇ ಹೇಳಿಬಿಡುತ್ತೇನೆ, ಈಗ ಯಾರೂ ಸತ್ತಿಲ್ಲ. ಇಪ್ಪತ್ತನಾಲ್ಕು ವರ್ಷದ ಮೇಲೆ ಅಕ್ಕನ ಕಾಗದ ಬಂದರೆ ನೀನು ಅದನ್ನೇ ಅಂದುಕೊಳ್ಳುತ್ತೀಯ. ಕೂತು ಓದು. ಕತ್ತಿ ಸಿಕ್ಕಿದೆ.

ಹೌದು, ಅದೇ ಕತ್ತಿ. ಆಲೂಗಡ್ಡೆ ಹಾಕಲು ದಿಬ್ಬ ಅಗೆಯುವಾಗ ನಿನಗೆ ಸಿಕ್ಕಿದ್ದು. ಅಪ್ಪ ಅದನ್ನು ಗೋಡೆಗೆ ನೇತುಹಾಕಿ, ಬಂದವರಿಗೆಲ್ಲ ತನ್ನ ಮುತ್ತಜ್ಜನದೇ ಎಂಬಂತೆ ತೋರಿಸುತ್ತಿದ್ದ. ಮರುವರ್ಷ ಅದು ಕಾಣೆಯಾದ ವಾರವೇ ನೀನು ಮೀನುಗಾರಿಕೆ ಮುಗಿಸಿ, ಹೊಸ ಅಕಾರ್ಡಿಯನ್ ಹೊತ್ತು ಬಂದೆ. ಆ ದಿನ ಊಟದ ಮೇಜಿನ ಮುಂದೆ ನಾನು ಅಂದದ್ದು ನಿನಗೆ ಮರೆತಿರಲಾರದು. "ಹಳೇ ಸಾಮಾನಿನ ವ್ಯಾಪಾರಿಗೆ ಇವ್ನೇ ಮಾರಿದಾನೆ ಅಪ್ಪಾ, ಇಲ್ದಿದ್ರೆ ಈ ವಾದ್ಯ ಎಲ್ಲಿಂದ ಬಂತು?" ಅಪ್ಪ ಬಾಗಿಲು ತೋರಿಸಿದ. ನೀನು ಅದೇ ಅಕಾರ್ಡಿಯನ್ ಹೆಗಲಿಗೇರಿಸಿ ದೋಣಿ ಹತ್ತಿದೆ.

ಕಳೆದ ವಾರ ಮ್ಯೂಸಿಯಂನಿಂದ ಇಂಗುನ್ ಎಂಬ ಹುಡುಗಿ ಅಮ್ಮನ ನಿಲುವು ಮಗ್ಗ ನೋಡಲು ಬಂದಿದ್ದಳು. ನಾನು ಹೊದಿಕೆ ನೇಯುತ್ತಿದ್ದೆ. ನೂಲನ್ನು ಬಡಿದು ಕೂರಿಸುವ ಉದ್ದನೆಯ ಕಬ್ಬಿಣದ ಪಟ್ಟಿ ನನ್ನ ಕೈಯಲ್ಲಿತ್ತು, ಮರದ ಹಿಡಿಯದ್ದು, ನಮ್ಮ ಕಡೆ ಮಗ್ಗವಿರುವ ಮನೆಗಳಲ್ಲೆಲ್ಲ ಇರುವಂಥದ್ದು. ಅವಳು ಅದನ್ನು ಕಿಟಕಿಯ ಬಳಿ ಒಯ್ದು, ಉಣ್ಣೆಯ ಜಿಡ್ಡು ಒರೆಸಿ, ಬಿಟ್ಟ ಕಣ್ಣು ಬಿಟ್ಟಂತೆ ನಿಂತುಬಿಟ್ಟಳು. "ಏನ್ರೀ ಇದು ರಾಗ್ನ ಅವ್ರೇ, ವೈಕಿಂಗರ ಕತ್ತೀಲಿ ಹೊದಿಕೆ ಬಡೀತಾ ಕೂತಿದೀರಲ್ಲ!" ಅಂದಳು. ಕೈಯಲ್ಲಿದ್ದದ್ದು ಏನೆಂದು ನನಗೂ ಆಗಲೇ ಗೊತ್ತಾಗಿದ್ದು. ಅಮ್ಮ ಯಾಕೆ ಹೀಗೆ ಮಾಡಿದಳೋ ದೇವರೇ ಬಲ್ಲ.

ಅಲಗಿನ ನಡುವೆ ಕಬ್ಬಿಣದಲ್ಲೇ ಕೂರಿಸಿದ ಅಕ್ಷರಗಳಿವೆ. ಸಾವಿರ ವರ್ಷದ ಹಿಂದೆ ರೈನ್ ನದಿಯ ಕಡೆಯ ಕಮ್ಮಾರರು ಮಾಡಿದ್ದಂತೆ. ವ್ಯಾಪಾರಕ್ಕೋ ಲೂಟಿಗೋ ಹೋದ ನಮ್ಮವನೊಬ್ಬ ತಂದಿರಬೇಕು, ಸತ್ತಾಗ ಅವನ ಪಕ್ಕದಲ್ಲೇ ಇಟ್ಟು, ಮೇಲೆ ಮಣ್ಣು ಸುರಿದು ಆ ದಿಬ್ಬ ಮಾಡಿದರು. ಒಂದು ಅಂಚು ಮಾತ್ರ ನುಣ್ಣಗೆ ಸವೆದಿದೆ. "ಯುದ್ಧದಲ್ಲಿ ಹಿಂಗೆ ಸವೆಯಲ್ಲ. ಪಾಪ, ಇದರ ಕೈಲಿ ಜಾಸ್ತಿ ದುಡಿಸಿರೋದು ನೀವೇ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನೆಲದಲ್ಲಿ ಸಿಕ್ಕ ಹಳೆಯದೆಲ್ಲ ಸರ್ಕಾರದ್ದಲ್ಲವೇ, ಬಚ್ಚಿಟ್ಟಿದ್ದಕ್ಕೆ ಠಾಣೆಗೆ ಎಳೆಯುತ್ತಾರೇನೋ ಎಂದು ಕೇಳಿದೆ. "ಯಾರೂ ಏನೂ ಮಾಡಲ್ಲ, ಹೆದರ್ಬೇಡಿ. ಯಾರಿಗೆ ಸಿಕ್ತು ಅಂತ ಹೆಸರು ಬರ್ಕೋಬೇಕು, ಅಷ್ಟೇ" ಅಂದಳು. ನಿನ್ನ ಹೆಸರು ಹೇಳಿದೆ. ತಪ್ಪು ಬರೆದುಕೊಳ್ಳಬಾರದೆಂದು ಎರಡು ಸಲ ಹೇಳಿದೆ. ಗಾಜಿನ ಪೆಟ್ಟಿಗೆಯ ಚೀಟಿಯಲ್ಲಿ ಅದು ಇರುತ್ತದೆ, ಕಳ್ಳನೆಂದು ನಾನು ಕೂಗಿದ ಹೆಸರು.

ತಪ್ಪು ನನ್ನದು ತಮ್ಮಾ. ನೋಡದೆಯೇ ನೋಡಿದವಳಂತೆ ಹೇಳಿದೆ. ಇದನ್ನು ನಿನಗೆ ಬರೆಯುವುದೆಂದು ನಿರ್ಧರಿಸಿದ ಮೇಲೆ ಎದೆ ಎಷ್ಟು ಹಗುರವಾಗಿದೆ ಎಂದರೆ, ಬೆಳಿಗ್ಗೆ ಹಾಲು ಕರೆಯುತ್ತಾ ಹಾಡಿಕೊಂಡೆ. ನನ್ನ ಗಂಟಲು ನಿನಗೆ ಗೊತ್ತಲ್ಲ, ಹಸು ತಿರುಗಿ ನೋಡಿತು. ಹುಲ್ಲು ಕೊಯ್ಲಿಗೆ ಬಾ. ಅಕಾರ್ಡಿಯನ್ ಇನ್ನೂ ಇದ್ದರೆ ಅದನ್ನೂ ತಾ.

ನಿನ್ನ ದಾರಿ ಕಾಯುವ ಅಕ್ಕ,
ರಾಗ್ನ

ಮತ್ತೆ ಬಿಚ್ಚಿ ಬರೆದದ್ದು: ಲಕೋಟೆ ಅಂಟಿಸಿದ್ದೆ. ಹೀಗೇ ಕಳಿಸಿದರೆ ಇದೂ ಸುಳ್ಳಾಗುತ್ತದೆ. ಒಂಬತ್ತು ವರ್ಷದ ಹಿಂದೆ, ಸಾಯುವ ಮುಂಚೆ, ಅಮ್ಮ ನನಗೆ ಎಲ್ಲ ಹೇಳಿದ್ದಳು. ನಮ್ಮ ದಾಗ್ರೋಸ್ ಹಸು ಸತ್ತ ಕರು ಹಾಕಿತಲ್ಲ, ದಿಬ್ಬದ ಒಡೆಯ, ಅಲ್ಲಿ ಹೂತಿದ್ದ ಆ ಸತ್ತವನು, ಮುನಿದಿದ್ದಾನೆಂದು ಹೆದರಿ, ಹಳೆಯ ಹಿಡಿ ಕಳಚಿ ಕತ್ತಿಯನ್ನು ಮಗ್ಗಕ್ಕೆ ಸೇರಿಸಿದ್ದಳು. "ಸತ್ತವನ ಸಾಮಾನು ಗೋಡೇಲಿ ಮೆರೀಬಾರ್ದು, ದುಡೀತಾ ಇದ್ರೆ ಅವ್ನ ಸಿಟ್ಟು ಇಳಿಯುತ್ತೆ ಅಂದ್ಕೊಂಡೆ ಕಣೇ. ಐಲೆವ್ ಹುಲ್ಲು ಕೊಯ್ಲಿಗೆ ವಾಪಸ್ ಬಂದೇ ಬರ್ತಾನೆ, ಆಗ ಹೇಳಿದ್ರಾಯ್ತು ಅಂತಿದ್ದೆ" ಎಂದು ಅತ್ತಳು. ಅವಳಿಗೆ ಅಪ್ಪನ ಭಯವಿತ್ತು. ನನಗೆ ಯಾರ ಭಯವೂ ಇರಲಿಲ್ಲ, ಆದರೂ ಒಂಬತ್ತು ವರ್ಷ ಅದರಲ್ಲೇ ನೇಯ್ದೆ. ಇಂಗುನ್ ತಾನಾಗಿ ಬರಲಿಲ್ಲ, ಮಗ್ಗದ ನೆಪ ಹೇಳಿ ಕಾಗದ ಬರೆದು ಕರೆಸಿದವಳು ನಾನೇ. ಗುರುತಿಲ್ಲದವಳಿಗೆ ಬರೆಯುವುದು ನಿನಗೆ ಬರೆಯುವುದಕ್ಕಿಂತ ಸುಲಭವಾಗಿತ್ತು. ಜೊತೆಗಿರುವ ಹೊದಿಕೆ ನಿನ್ನದು, ಆ ಕತ್ತಿಯಲ್ಲಿ ಬಡಿದ ಕೊನೆಯದು. ಅಂಚು ಸೊಟ್ಟಗಾಗಿದೆ, ಬೈಯಬೇಡ. ಅದನ್ನು ಮುಗಿಸುವಾಗ ಈ ಕಾಗದದ ಮೊದಲ ಸಾಲು ಹುಡುಕುತ್ತಿದ್ದೆ.