ಮಡಿಕೆ ಬಿಚ್ಚದ ಸೀರೆ

ಬನಶಂಕರಿ, ಜನವರಿ ೨೦

ಅಕ್ಕಾ,

ಊಟಿಯ ನಿನ್ನ ಮನೆಯಿಂದ ಮೊನ್ನೆ ಏನೂ ಕೇಳದೆ ಹೊರಟುಬಂದೆ. ಈಗ ಕೇಳುತ್ತೇನೆ. ಅಮ್ಮ ಕೊಟ್ಟ ದಾಸವಾಳದ ಗಿಡ ನಿನ್ನ ಹಿತ್ತಲಲ್ಲಿ ಒಣಗಿ ಕಡ್ಡಿಯಾಗಿದೆ. “ಊಟಿಯ ಚಳಿಯನ್ನು ಅದು ತಡೆಯದು, ಹಿಮ ಬೀಳುವ ದಿನ ಹೊದಿಸು” ಎಂದು ಕೊಟ್ಟ ಅವಳ ಹತ್ತಿ ಸೀರೆ ನಿನ್ನ ಬೀರುವಿನಲ್ಲಿ ಮಡಿಕೆ ಕೂಡ ಬಿಚ್ಚದೆ ಕೂತಿದೆ. ಹಾಗಾದರೆ ಮೂರು ವರ್ಷದಿಂದ ಶಿವರಾತ್ರಿಗೆ ನೀನು ಕಳಿಸಿದ ಹೂವಿನ ಫೋಟೋ ಯಾರ ಮನೆಯದು?

ಇಲ್ಲಿ ಸ್ವಲ್ಪ ಚಳಿಯಾದರೂ ಅಮ್ಮ, “ಗಿಡಕ್ಕೆ ಹೊದಿಸಿದ್ಲಂತಾ?” ಎಂದು ಕೇಳುತ್ತಾಳೆ. ನಿನ್ನೆ, “ಹೂಂ, ಹೊದಿಸಿದ್ಲಂತೆ” ಅಂದೆ.

ಸೀರೆಯನ್ನು ನಾನೇ ಇಟ್ಟುಕೊಳ್ಳುತ್ತೇನೆ. ನನ್ನ ಆಫೀಸಿಗೆ ಕೊರಿಯರ್ ಮಾಡು, ಅಮ್ಮನ ಕಣ್ಣಿಗೆ ಬೀಳಬಾರದು. ಈ ಶಿವರಾತ್ರಿಗೂ ಫೋಟೋ ಕಳಿಸು. ಅಮ್ಮನ ಫೋನಿಗೆ ಮಾತ್ರ.

ಲಿಖಿತಾ